ತೋಟಕ್ಕೆ ಚಿಪ್ಪುಹಂದಿ ಬಂದ ರಾತ್ರಿ ಏನು ಮಾಡಬೇಕು

ಮೊದಲು ನಾಯಿ ಕಟ್ಟಿ. ಆಮೇಲೆ ಬ್ಯಾಟರಿ ದೀಪ ಆರಿಸಿ. ಇವೆರಡು ಮಾಡಿದರೆ ಮುಕ್ಕಾಲು ಕೆಲಸ ಮುಗಿಯಿತು. ನಮಗೆ ಇದು ಗೊತ್ತಿರಲಿಲ್ಲ.

ಶಿರಸಿ ಸೀಮೆಯ ನಮ್ಮ ಅಡಿಕೆ ತೋಟದ ಮೇಲ್ಬದಿಗೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಗುಡ್ಡ, ಅದರಾಚೆ ಕಾಡು. ಕಾರ್ತಿಕದ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ನಾಯಿ ಅಗಳದ ಬದಿಗೆ ನಿಂತು ಒಂದೇ ಸಮನೆ ಬೊಗಳತೊಡಗಿತು. ಮೈದುನ ಓಡಿದ, ಹಿಂದೆ ನಾನು. ದರಕಿನ (ಒಣಗಿ ಉದುರಿದ ಎಲೆಯ) ಮೇಲೆ ಹಲಸಿನಕಾಯಿಯಷ್ಟು ದೊಡ್ಡ ಉಂಡೆ, ಮೈತುಂಬ ಚಿಪ್ಪು. ಬೆಳಗಾದ ಮೇಲೆ ಎಲ್ಲರಿಗೂ ತೋರಿಸೋಣ ಅಂತ ಅವನು ಅದರ ಮೇಲೆ ಅಡಿಕೆ ಬುಟ್ಟಿ ಕವುಚಿ ಹಾಕಿದ. ಅಷ್ಟರಲ್ಲಿ ಅತ್ತೆ ಎದ್ದು ಬಂದರು. "ತಮಾ, ಅದು ಹೆದ್ರಿ ಉಂಡೆ ಆಯ್ದು. ಬುಟ್ಟಿ ತೆಗಿ, ಬ್ಯಾಟ್ರಿ ಆರ್ಸಿ ಬಾ" ಅಂದರು. ಕೊಟ್ಟಿಗೆಯ ಮಾಡಿನಡಿ ಕತ್ತಲಲ್ಲಿ ನಿಂತೆವು. ಅರ್ಧ ಗಂಟೆ ಕಳೆದಿರಬೇಕು, ದರಕು ಸರಸರ ಅಂದಿತು. ಹೋಗಿ ನೋಡಿದರೆ ಉಂಡೆ ಇರಲಿಲ್ಲ.

ಅದು ಉಂಡೆಯಾಗುವುದು ಯಾಕೆಂದು ತಿಳಿದರೆ ಕೈ ತಾನಾಗಿ ಹಿಂದೆ ಸರಿಯುತ್ತದೆ. ಚಿಪ್ಪುಹಂದಿಗೆ ಹಲ್ಲೇ ಇಲ್ಲ, ಕಚ್ಚಲಾರದು. ಹೊಟ್ಟೆಯ ಭಾಗದಲ್ಲಿ ಚಿಪ್ಪಿಲ್ಲ, ಅಲ್ಲಿ ಬರೀ ಮೆತ್ತಗಿನ ಚರ್ಮ. ಅದಕ್ಕೇ ಮುಖವನ್ನು ಹೊಟ್ಟೆಗೆ ಒತ್ತಿ, ಮೇಲಿಂದ ಬಾಲ ಸುತ್ತಿಕೊಂಡು ಬಿಗಿಯುತ್ತದೆ. ಚಿರತೆಯ ಹಲ್ಲಿಗೂ ಸುಲಭಕ್ಕೆ ಬಗ್ಗದ ಉಪಾಯ ಅದು. ಆದರೆ ಎತ್ತಿ ಚೀಲಕ್ಕೆ ಹಾಕುವ ಮನುಷ್ಯನಿಗೆ ಅದರಿಂದಲೇ ಕೆಲಸ ಸಲೀಸು. ಇನ್ನೊಂದು ಮಾತು: ತಾಯಿ ಮರಿಯನ್ನು ಬಾಲದ ಬುಡದ ಮೇಲೆ ಕೂರಿಸಿಕೊಂಡು ತಿರುಗುತ್ತದೆ. ಹೆದರಿದಾಗ ಆ ಮರಿಯನ್ನೂ ಒಳಗೆ ಎಳೆದುಕೊಂಡು ಸುತ್ತಿಕೊಳ್ಳುತ್ತದೆ. ನಿಮ್ಮೆದುರಿನ ಉಂಡೆಯಲ್ಲಿ ಎರಡು ಜೀವ ಇರಬಹುದು. ಬಿಡಿಸಿ ನೋಡಲು ಹೋಗಬೇಡಿ, ನೀರು ಎರಚಬೇಡಿ, ಹಾಲು ಬಾಳೆಹಣ್ಣು ಇಡಬೇಡಿ. ಅದು ತಿನ್ನುವುದು ಇರುವೆ ಮತ್ತು ಒರಲೆ (ಗೆದ್ದಲು), ಅವುಗಳ ಮೊಟ್ಟೆ.

ಬೆಳಿಗ್ಗೆ ಬೆಟ್ಟದಲ್ಲಿ ಒಂದು ಸುತ್ತು ಹಾಕಿ, ಗುರುತು ಸಿಗುತ್ತದೆ. ಕಾಡುಹಂದಿಯಾದರೆ ಉತ್ತಂತೆ ಅಗಲಕ್ಕೆ ಮಗುಚಿರುತ್ತದೆ. ಚಿಪ್ಪುಹಂದಿ ಒಂದೇ ಕಡೆ ಹುತ್ತದ ಬದಿಗೆ ತೋಡಿ, ಮಣ್ಣನ್ನು ಹಿಂದಕ್ಕೆ ಚೆಲ್ಲಿರುತ್ತದೆ. ಗೋಡೆಯಲ್ಲಿ ಉಗುರಿನ ಗೀರು ಕಾಣುತ್ತದೆ. ತೋಡಿದ ತೂತಿಗೆ ಅಂಟು ನಾಲಿಗೆ ಇಳಿಸಿ ಒರಲೆ ಎಳೆದುಕೊಳ್ಳುತ್ತದೆ. ಗೇಣಿಗೂ ಉದ್ದದ ನಾಲಿಗೆ, ಬೇರು ಎದೆಗೂಡಿನ ಒಳಗೆ! ವಾಸದ ಬಿಲ ಬೇರೆ, ಅದು ಆಳ. ಬಾಯಿಗೆ ಜೇಡರ ಬಲೆ ಕಟ್ಟಿದ್ದರೆ ಈಗ ಬಳಕೆಯಲ್ಲಿಲ್ಲ. ಹಸಿ ಮಣ್ಣು ಬಿದ್ದಿದ್ದರೆ, ಅಥವಾ ಬಾಯಿ ಒಳಗಿಂದ ಮುಚ್ಚಿದಂತಿದ್ದರೆ, ಮಲಗಿದೆ ಅಂತ ತಿಳಿದು ದೂರದಿಂದಲೇ ಬನ್ನಿ. ಹೊಗೆ ಹಾಕುವುದು, ಕೋಲು ತೂರಿಸುವುದು ಬೇಡವೇ ಬೇಡ.

ಮರ ಹತ್ತುವುದನ್ನು ಹಲವರು ನಂಬುವುದಿಲ್ಲ. ಮರದ ಮೇಲಿನ ಇರುವೆಗೂಡಿಗಾಗಿ ಅದು ಹತ್ತುತ್ತದೆ: ಉಗುರು ತೊಗಟೆಗೆ ಊರಿ, ಬಾಲವನ್ನು ಕಾಂಡಕ್ಕೆ ಒತ್ತಿ ಆಧಾರ ಮಾಡಿಕೊಂಡು. ಹಾಗಾಗಿ ಗೊಬ್ಬರದ ಗುಂಡಿಗೆ ಬಿದ್ದಿದ್ದರೆ ಇಳಿದು ಹಿಡಿಯಲು ಹೋಗದೆ, ಒರಟು ತೊಗಟೆಯ ದಪ್ಪ ಕೊಂಬೆಯೊಂದನ್ನು ಓರೆಯಾಗಿ ಇಳಿಸಿಟ್ಟು ಮನೆಗೆ ಬನ್ನಿ. ಬಾವಿಗೆ ಬಿದ್ದಿದ್ದರೆ, ಗಾಯವಾಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಸೋಲಾರ್ ಬೇಲಿ ಇದ್ದವರು ಕೆಳಗಿನ ತಂತಿ ಎಷ್ಟು ಎತ್ತರದಲ್ಲಿದೆ ನೋಡಿಕೊಳ್ಳಿ. ಶಾಕ್ ತಗುಲಿದ ಕೂಡಲೇ ಓಡುವ ಪ್ರಾಣಿ ಇದಲ್ಲ. ತಂತಿಯನ್ನೇ ಸುತ್ತಿಕೊಂಡು ಮುದುಡುತ್ತದೆ, ಮತ್ತೆ ಮತ್ತೆ ಹೊಡೆಸಿಕೊಳ್ಳುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಅಲ್ಲಿನ ಚಿಪ್ಪುಹಂದಿಗಳು ಹೀಗೆ ಸತ್ತಿವೆ. ಕೆಳತಂತಿಯನ್ನು ಸಾಧ್ಯವಾದಷ್ಟು ಮೇಲೆತ್ತಿ.

ಇನ್ನು ಫೋಟೋ. ಮೈದುನ ಒಂದು ತೆಗೆದಿದ್ದ, ವಾಟ್ಸಾಪಿಗೆ ಹಾಕುವ ಮೊದಲೇ ಅಳಿಸಿಸಿದೆ. ಊರ ಹೆಸರಿನ ಜೊತೆ ಅಂಥ ಫೋಟೋ ಓಡಾಡಿದರೆ ಚಿಪ್ಪಿನ ವ್ಯಾಪಾರದವರಿಗೆ ದಾರಿ ತೋರಿಸಿದಂತೆ. ಚಿಪ್ಪೆಂದರೆ ನಮ್ಮ ಉಗುರಿನಲ್ಲಿರುವ ಕೆರಾಟಿನ್ನೇ. ಚೀನಾ ಕೂಡ 2020ರಲ್ಲಿ ಅದನ್ನು ತನ್ನ ಅಧಿಕೃತ ಔಷಧ ಪಟ್ಟಿಯಿಂದ ಕೈಬಿಟ್ಟಿದೆ. ಲಕ್ಷ ಸಿಗುತ್ತದೆ ಎಂದು ಯಾರಾದರೂ ಕಿವಿಯೂದಿದರೆ ಇದನ್ನೂ ಹೇಳಿ: 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯ ಪ್ರಾಣಿ ಇದು, ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು.

ನಮ್ಮ ಬೆಟ್ಟದಲ್ಲಿ ಮತ್ತಿಮರದ ಬುಡಕ್ಕೆ ಒಂದು ಬಿಲ ಸಿಕ್ಕಿತು, ಹಸಿ ಮಣ್ಣು ಇತ್ತು. ಈ ಸಲ ದರಕು ಗುಡಿಸುವಾಗ ಅದರ ಸುತ್ತ ಹತ್ತು ಮಾರು ಬಿಟ್ಟು ಗುಡಿಸಿದ್ದೇವೆ. ಆಳುಗಳಿಗೆ ಜಾಗ ತೋರಿಸಿದ್ದು ಮೈದುನನೇ.