ಸಿನಾಪ್ಸಿಸ್ ನೋಡಬೇಕೆ? ಮೊದಲು ಸರಿಯಾದ ಮೊಗ್ಗು ಹುಡುಕಿ

ಪದವಿ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕ ತಿದ್ದುವಾಗ ಪ್ರತಿ ವರ್ಷವೂ ಒಂದೇ ತಪ್ಪು ಎದುರಾಗುತ್ತದೆ. ಈರುಳ್ಳಿ ಮೊಗ್ಗಿನ ಮೊದಲ ಮೆಟಾಫೇಸ್ (ವರ್ಣತಂತುಗಳ ಜೋಡಿಗಳು ಕೋಶದ ನಡುವೆ ಸಾಲುಗಟ್ಟುವ ಹಂತ) ಅನ್ನು ಅಂದವಾಗಿ ಬಿಡಿಸಿ, ಕೆಳಗೆ 'ಸಿನಾಪ್ಸಿಸ್' ಎಂದು ಬರೆದಿರುತ್ತಾರೆ. ಕೆಲವರಂತೂ ಬೇರಿನ ತುದಿಯ ಸ್ಲೈಡಿನಲ್ಲೇ ಅದನ್ನು ಹುಡುಕುತ್ತಾರೆ. ಬೇರಿನಲ್ಲಿ ನಡೆಯುವುದು ಮೈಟಾಸಿಸ್, ಅಂದರೆ ಬೆಳವಣಿಗೆಯ ಸಾಮಾನ್ಯ ಕೋಶ ವಿಭಜನೆ. ಅಲ್ಲಿ ಜೋಡಿಯಾಗಿ ಕಾಣುವುದು ಒಂದೇ ವರ್ಣತಂತುವಿನ ಎರಡು ಕ್ರೊಮ್ಯಾಟಿಡ್‌ಗಳು, ಅಂದರೆ ನಕಲಾದ ಎಳೆಗಳು.

ತಾಯಿಯ ಕಡೆಯ ವರ್ಣತಂತುವೂ ತಂದೆಯ ಕಡೆಯ ಅದರ ಸಮರೂಪಿಯೂ ಮಿಯಾಸಿಸ್‌ನ (ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ವಿಭಜನೆ) ಆರಂಭದಲ್ಲಿ ಉದ್ದಕ್ಕೂ ಒತ್ತಾಗಿ ಜೊತೆಗೂಡುವುದೇ ಸಿನಾಪ್ಸಿಸ್. ಝೈಗೊಟೀನ್ ಹಂತದಲ್ಲಿ ಶುರುವಾಗಿ ಪ್ಯಾಕಿಟೀನ್‌ನಲ್ಲಿ ಪೂರ್ಣವಾಗುತ್ತದೆ. ಎರಡನ್ನೂ ಹಿಡಿದಿಡುವ ಪ್ರೋಟೀನ್ ರಚನೆಯಾದ ಸಿನಾಪ್ಟೊನೀಮಲ್ ಕಾಂಪ್ಲೆಕ್ಸ್ 1956ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿತು. ಮುಂದಿನ ಹಂತವಾದ ಡಿಪ್ಲೊಟೀನ್ ಬಂದಾಗ ಅದು ಕಳಚುತ್ತದೆ. ಆಮೇಲೆ ಜೋಡಿಯನ್ನು ಹಿಡಿದಿರುವುದು ಕಯಾಸ್ಮಾಗಳು, ಅಂದರೆ ಎಳೆಗಳು ತುಂಡು ಬದಲಿಸಿಕೊಂಡ ಜಾಗಗಳು, ಮಾತ್ರ. ಸಿನಾಪ್ಸಿಸ್ ಕ್ರಿಯೆಯ ಹೆಸರು, ಬೈವೇಲೆಂಟ್ ಆ ಜೋಡಿಯ ಹೆಸರು. ಮೆಟಾಫೇಸ್‌ನಲ್ಲಿ ಬೈವೇಲೆಂಟ್ ಇರುತ್ತದೆ, ಸಿನಾಪ್ಸಿಸ್ ಮುಗಿದಿರುತ್ತದೆ.

ಇನ್ನು ಸ್ಲೈಡ್. ಬೀಜಕ್ಕೆ ಬಿಟ್ಟ ಈರುಳ್ಳಿಯ ಹೂಗೊಂಚಲನ್ನು, ಮೇಲಿನ ಪೊರೆ ಪೂರ್ತಿ ಬಿರಿಯುವ ಮೊದಲೇ, ಬೆಳಿಗ್ಗೆ ಕತ್ತರಿಸಿ. ಮೂರು ಪಾಲು ಆಲ್ಕೊಹಾಲ್, ಒಂದು ಪಾಲು ಗ್ಲೇಷಿಯಲ್ ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ 24 ಗಂಟೆ ಮುಳುಗಿಸಿಟ್ಟು, ಬಳಿಕ 70 ಶೇಕಡಾ ಆಲ್ಕೊಹಾಲಿಗೆ ಬದಲಿಸಿ. ಮಿಶ್ರಣವನ್ನು ಆಗಲೇ ತಯಾರಿಸಿ, ಹಳೆಯದು ಬೇಡ.

ಸೋಲುವುದು ಮುಂದಿನ ಹಂತದಲ್ಲಿ. ಒಂದೇ ಗೊಂಚಲಲ್ಲಿ ಬೇರೆ ಬೇರೆ ವಯಸ್ಸಿನ ಮೊಗ್ಗುಗಳಿರುತ್ತವೆ, ಆದರೆ ಒಂದು ಪರಾಗಕೋಶದೊಳಗಿನ (ಮಿಯಾಸಿಸ್ ನಡೆಯುವುದು ಇಲ್ಲೇ) ಕೋಶಗಳು ಬಹುಮಟ್ಟಿಗೆ ಒಂದೇ ಹಂತದಲ್ಲಿರುತ್ತವೆ. ಆದ್ದರಿಂದ ಸಿಕ್ಕ ಮೊಗ್ಗೊಂದನ್ನು ಒತ್ತಿ, ಕಾಣದಿದ್ದರೆ ಸ್ಲೈಡನ್ನು ಬೈಯುವುದರಲ್ಲಿ ಅರ್ಥವಿಲ್ಲ. ಮೊಗ್ಗುಗಳನ್ನು ಗಾತ್ರದ ಪ್ರಕಾರ ಸಾಲಾಗಿಡಿ. ನಡು ಗಾತ್ರದ್ದರಿಂದ ಒಂದೇ ಒಂದು ಪರಾಗಕೋಶ ತೆಗೆದು ನೋಡಿ. ಹೂವಿನಲ್ಲಿ ಆರು ಇರುವುದರಿಂದ ಹಂತ ಸರಿಯಿದ್ದರೆ ಉಳಿದವು ಕೈಯಲ್ಲೇ ಇರುತ್ತವೆ. ಪರಾಗ ಕಂಡರೆ ತಡವಾಗಿದೆ, ಇನ್ನೂ ಚಿಕ್ಕ ಮೊಗ್ಗಿಗೆ ಹೋಗಿ. ತಾಜಾ ಮೊಗ್ಗಿನ ಪರಾಗಕೋಶ ಹಳದಿಗೆ ತಿರುಗಿದ್ದರೆ ಅದನ್ನು ಬಿಟ್ಟುಬಿಡಿ.

ಪರಾಗಕೋಶವನ್ನು, ವರ್ಣತಂತುಗಳಿಗೆ ಬಣ್ಣ ಹಿಡಿಸುವ ಅಸಿಟೊಕಾರ್ಮಿನ್‌ನ ಒಂದು ಹನಿಯಲ್ಲಿ ಕಬ್ಬಿಣದ ಸೂಜಿಯಿಂದಲೇ ಜಜ್ಜಿ. ಕಬ್ಬಿಣದ ಅಂಶ ಸೋಕಿದರೆ ಬಣ್ಣ ಗಾಢವಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸೂಜಿಯಲ್ಲಿ ಆ ಲಾಭವಿಲ್ಲ. ಅಂಗಡಿಯಿಂದ ತಂದ, ವರ್ಷಗಟ್ಟಲೆ ಕಪಾಟಿನಲ್ಲಿ ಕುಳಿತು ತಳದಲ್ಲಿ ಗಷ್ಟು ಕಟ್ಟಿದ ಬಣ್ಣವನ್ನು ಚೆಲ್ಲಿಬಿಡಿ. 45 ಶೇಕಡಾ ಅಸಿಟಿಕ್ ಆಮ್ಲದಲ್ಲಿ ಕಾರ್ಮಿನ್ ಕುದಿಸಿ, ತಣಿಸಿ, ಸೋಸಿಕೊಂಡದ್ದೇ ಉತ್ತಮ.

ಪರಾಗಕೋಶದ ಗೋಡೆಯ ಚೂರುಗಳನ್ನು ಒಂದೂ ಬಿಡದೆ ಹೆಕ್ಕಿ ತೆಗೆಯಿರಿ. ಒಂದು ಚೂರು ಉಳಿದರೂ ಕವರ್‌ಸ್ಲಿಪ್ ಎತ್ತರದಲ್ಲೇ ನಿಂತು ಕೋಶಗಳು ಚಪ್ಪಟೆಯಾಗುವುದಿಲ್ಲ. ಕವರ್‌ಸ್ಲಿಪ್ ಮುಚ್ಚಿ, ದೀಪದ ಮೇಲೆ ಸ್ಲೈಡನ್ನು ಎರಡು ಮೂರು ಬಾರಿ ಹಾಯಿಸಿ. ಕುದಿಯಬಾರದು, ಅಂಗೈ ಹಿಂಬದಿಗೆ ಮುಟ್ಟಿಸಿದರೆ ಬೆಚ್ಚಗಿದ್ದರೆ ಸಾಕು. ಮಡಿಸಿದ ಬ್ಲಾಟಿಂಗ್ ಕಾಗದದ ನಡುವೆ ಇಟ್ಟು, ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಿ. ಕವರ್‌ಸ್ಲಿಪ್ ಕೂದಲೆಳೆಯಷ್ಟು ಪಕ್ಕಕ್ಕೆ ಜಾರಿದರೂ ಕೋಶಗಳು ಉರುಳಿ ಹರಿದುಹೋಗುತ್ತವೆ. ಹಾಗಾದರೆ ತಿದ್ದಲು ಕೂರಬೇಡಿ, ಹೊಸ ಪರಾಗಕೋಶ ತೆಗೆದುಕೊಳ್ಳಿ.

ಮೊದಲು ಕಡಿಮೆ ವರ್ಧನೆಯಲ್ಲಿ ಹುಡುಕಿ. ಈರುಳ್ಳಿಯ ಪ್ಯಾಕಿಟೀನ್ ದಪ್ಪ ಎಳೆಗಳ ಗೋಜಲಾಗಿ ಕಾಣುತ್ತದೆ. ಒಂದೊಂದೇ ಜೋಡಿಯನ್ನು ತುದಿಯಿಂದ ತುದಿಗೆ ಹಿಂಬಾಲಿಸುವುದು ಕಷ್ಟ. ಅದು ಬೇಕಿದ್ದರೆ ಮೆಕ್ಕೆಜೋಳದ ಗಂಡು ಹೂಗೊಂಚಲನ್ನು ಹಿಡಿಯಿರಿ. ಅದರ 10 ಜೋಡಿಗಳು ಪ್ಯಾಕಿಟೀನ್‌ನಲ್ಲಿ ಹರಡಿಕೊಂಡು ಚೆನ್ನಾಗಿ ಕಾಣುತ್ತವೆ. ತಳಿವಿಜ್ಞಾನಿಗಳಾದ ಬಾರ್ಬರಾ ಮೆಕ್ಲಿಂಟಾಕ್ ಮತ್ತು ಹ್ಯಾರಿಯೆಟ್ ಕ್ರೈಟನ್ 1931ರಲ್ಲಿ ವರ್ಣತಂತುಗಳು ತುಂಡು ಬದಲಿಸಿಕೊಳ್ಳುವುದನ್ನು ತೋರಿಸಿದ್ದೂ ಮೆಕ್ಕೆಜೋಳದಲ್ಲೇ.

ಚಿತ್ರದ ಕೆಳಗೆ ಹೀಗೆ ಬರೆಯಿರಿ: ಪ್ಯಾಕಿಟೀನ್ ಆದರೆ 'ಸಿನಾಪ್ಸಿಸ್ ಪೂರ್ಣ'. ಈರುಳ್ಳಿಯ ಡಯಾಕೈನೆಸಿಸ್ (ಮೆಟಾಫೇಸ್‌ಗೆ ತುಸು ಮುಂಚಿನ ಹಂತ) ಅಥವಾ ಮೊದಲ ಮೆಟಾಫೇಸ್ ಆದರೆ '8 ಬೈವೇಲೆಂಟ್'. ಎಣಿಸುವಾಗ ಬೈವೇಲೆಂಟ್ ಒಂದಕ್ಕೆ ಎರಡು ವರ್ಣತಂತುಗಳು, ನಾಲ್ಕು ಕ್ರೊಮ್ಯಾಟಿಡ್‌ಗಳು. ಎಂಟು ಕಂಡಿತೆಂದು ವರ್ಣತಂತುಗಳ ಸಂಖ್ಯೆಯನ್ನು ಎಂಟೆಂದು ಬರೆದರೆ ಅಂಕ ಕೊಡುವುದಿಲ್ಲ; ಅದು ಹದಿನಾರು.