ತಗಡಿನ ಮೇಲೆ ಸೋರೆಬಳ್ಳಿ: ಕೋಳಿ ಶೆಡ್ ತಂಪು ಮಾಡಿದ ನನ್ನ ಅನುಭವ

ಹೋದ ಬೇಸಿಗೆಯಲ್ಲಿ ಬಿಸಿಲಿಗೆ ನಾನು ಕಳೆದುಕೊಂಡ ಕೋಳಿ ಬೆರಳೆಣಿಕೆಯಷ್ಟು. ಯವತ್ ಹತ್ತಿರ, ಪುಣೆ–ಸೋಲಾಪುರ ರಸ್ತೆಯಿಂದ ಸ್ವಲ್ಪ ಒಳಗೆ, ಏಪ್ರಿಲ್ ಕೊನೆಗೆ 41 ಡಿಗ್ರಿ ಮುಟ್ಟುವ ಜಾಗದಲ್ಲಿ ಇದು ಸಣ್ಣ ಮಾತಲ್ಲ. ಶೆಡ್ ಮೇಲೆ ಬಳ್ಳಿ ಹಬ್ಬಿಸುತ್ತೇನೆ ಅಂದಾಗ ನಕ್ಕವರೇ ಈಗ ಬಂದು ಫೋಟೋ ತೆಗೆದುಕೊಂಡು ಹೋಗುತ್ತಿದ್ದಾರೆ. ಫೋಟೋ ನೋಡಿ ಮಾಡಿದರೆ ಕೆಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಸುಮಾರು ಎರಡು ಸಾವಿರ ಬಿ.ವಿ. 300 ತಳಿಯ ಲೇಯರ್, ಅಂದರೆ ಮೊಟ್ಟೆ ಕೋಳಿ. ಪಂಜರ, ಬದಿ ತೆರೆದ ಶೆಡ್, ಮೇಲೆ ತಗಡು. ನಾನು ಇಂಡಿ ಕಡೆಯವನು. ಶೆಡ್ ನೋಡಿಕೊಳ್ಳುವ ಗಂಡ-ಹೆಂಡತಿ ಅಫಜಲಪುರದವರು. ಹಾಗಾಗಿ ಇರುವುದು ಪುಣೆ ಜಿಲ್ಲೆಯಾದರೂ ನಮ್ಮ ಕೋಳಿಗಳು ಬೈಸಿಕೊಳ್ಳುವುದು ಕನ್ನಡದಲ್ಲೇ.

ಮೊದಲು ಹಾಕಿಸಿದ್ದು ಫಾಗರ್, ನೀರನ್ನು ಮಂಜಿನ ಹಾಗೆ ಸಿಂಪಡಿಸುವ ಸಾಧನ. ಪಂಪು, ಪೈಪು, ನಾಜಲ್ ಎಲ್ಲಾ ಸೇರಿ ನಲವತ್ತು-ನಲವತ್ತೈದು ಸಾವಿರ ಹೋಯಿತು. ಏಪ್ರಿಲ್‌ನ ಒಣ ಗಾಳಿಗೆ ಅದು ಕೆಲಸ ಮಾಡುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ಬೋರ್ ನೀರು ಗಡಸು. ವಾರಕ್ಕೊಮ್ಮೆ ನಾಜಲ್ ಕಟ್ಟಿಕೊಳ್ಳುತ್ತಿತ್ತು. ಕರೆಂಟು ಹೋಗುವುದೂ ಸರಿಯಾಗಿ ಮಧ್ಯಾಹ್ನ ಎರಡಕ್ಕೇ. ನಿಜವಾದ ಪೆಟ್ಟು ಬಿದ್ದದ್ದು ಮೇ ತಿಂಗಳಲ್ಲಿ. ಇಲ್ಲಿಯವರು ವಳೀವ್ ಅನ್ನುವ ಮುಂಗಾರುಪೂರ್ವ ಮಳೆ ಒಂದು ಸಂಜೆ ಬಂತು, ಹತ್ತು ನಿಮಿಷ ಸುರಿದು ನಿಂತಿತು. ಬಿಸಿಲು ಮತ್ತೆ ಬಿತ್ತು, ನೆಲ ಹಬೆಯಾಡಿತು. ಥರ್ಮಾಮೀಟರ್ 36–37 ತೋರಿಸುತ್ತಿತ್ತು. ಫಾಗರ್ ನಡೆಯುತ್ತಿದ್ದರೂ ಆ ಸಂಜೆ ನಲವತ್ತಕ್ಕಿಂತ ಜಾಸ್ತಿ ಕೋಳಿ ಸತ್ತವು. ಮಾರಿದವನಿಗೆ ಫೋನ್ ಮಾಡಿದರೆ, ಇನ್ನೂ ಜಾಸ್ತಿ ಹೊತ್ತು ಓಡಿಸಿ ಅಂದ!

ಕೋಳಿಗೆ ಬೆವರಿಲ್ಲ. ಅದರ ಮೈ ಮೊದಲೇ 41 ಡಿಗ್ರಿ ಚಿಲ್ಲರೆ. ಸುತ್ತಲ ಗಾಳಿಯೂ ಅಷ್ಟೇ ಕಾದಾಗ ಬಾಯಿ ತೆರೆದು ಏದುಸಿರು ಬಿಟ್ಟು, ಗಂಟಲಿನ ತೇವ ಆರಿಸಿಕೊಂಡೇ ಅದು ತಂಪಾಗಬೇಕು. ಗಾಳಿಯಲ್ಲಿ ನೀರು ತುಂಬಿದ್ದರೆ ಆ ತೇವ ಆರುವುದೆಲ್ಲಿಂದ? ಒಣ 41ಕ್ಕಿಂತ ಮಳೆ ನಿಂತ ಮೇಲಿನ 37 ಕೆಟ್ಟದ್ದು. ಆಗ ಫಾಗರ್ ಹಾಕುವುದೆಂದರೆ ಕೋಳಿಯ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಪನ್ವೇಲ್‌ನಲ್ಲಿರುವ ನಮ್ಮ ಭಾವನಿಗೆ ಇದು ಮೊದಲೇ ಗೊತ್ತಿತ್ತು. ಘಾಟ್ ಕೆಳಗೆ ಗಾಳಿ ಯಾವಾಗಲೂ ಒದ್ದೆ. ಅವನ ಬ್ರಾಯ್ಲರ್ ಶೆಡ್‌ನಲ್ಲಿ ಫಾಗರ್‌ನಿಂದ ಲಿಟರ್ (ನೆಲಕ್ಕೆ ಹಾಸಿದ ಹೊಟ್ಟು) ನೆಂದು ಅಮೋನಿಯಾ ವಾಸನೆಗೆ ಕಣ್ಣು ಬಿಡಲಾಗುತ್ತಿರಲಿಲ್ಲ.

ಆಮೇಲೆ ಹಸಿರು ಶೇಡ್‌ನೆಟ್ ತಂದೆ. ಗಾಳಿಗೆ ಎರಡೇ ಬೇಸಿಗೆಯಲ್ಲಿ ಚಿಂದಿ. ಸುಣ್ಣಕ್ಕೆ ಫೆವಿಕಾಲ್ ಬೆರೆಸಿ ತಗಡಿಗೆ ಬಳಿದದ್ದು ಮಾತ್ರ ಕೊಟ್ಟ ಕಾಸಿಗೆ ಮೋಸ ಮಾಡಲಿಲ್ಲ. ಈಗಲೂ ಬಳಿಯುತ್ತೇನೆ. ಆದರೆ ಪಕ್ಕದ ಇಟ್ಟಿಗೆ ಭಟ್ಟಿಯ ಧೂಳಿಗೆ ತಿಂಗಳಲ್ಲಿ ಬಿಳಿ ಹೋಗಿ ಬೂದಿ ಬಣ್ಣ ಬರುತ್ತದೆ.

ಇಲ್ಲಿ ಅಳತೆಯ ಮಾತು ಸ್ವಲ್ಪ ಹೇಳಬೇಕು. ದೂರದಿಂದಲೇ ಕಾವು ಅಳೆಯುವ ಗನ್ ಥರ್ಮಾಮೀಟರ್ ಹಿಡಿದು ಹೊಳೆಯುವ ತಗಡಿಗೆ ಗುರಿಯಿಟ್ಟರೆ ಅದು ತೀರಾ ಕಡಿಮೆ ತೋರಿಸುತ್ತದೆ. ಸುಮಾರು ಜನ ಇಲ್ಲೇ ಮೋಸ ಹೋಗಿ, ನಮ್ಮ ತಗಡು ಅಷ್ಟೇನೂ ಕಾಯುವುದಿಲ್ಲ ಅನ್ನುತ್ತಾರೆ. ತಗಡಿನ ಒಳಮೈಗೆ ಕರಿ ಇನ್ಸುಲೇಶನ್ ಟೇಪ್ ಅಂಟಿಸಿ, ಟೇಪಿನ ಮೇಲೆ ಅಳೆಯಿರಿ. ನನ್ನದು ಮಧ್ಯಾಹ್ನ 60ರ ಮೇಲಿತ್ತು. ಆ ಕಾವು ನೇರ ಕೋಳಿಯ ಬೆನ್ನಿಗೆ, ಜುಟ್ಟಿಗೆ ಬಡಿಯುತ್ತದೆ. ಜುಟ್ಟು, ಗದ್ದದ ಕೆಳಗಿನ ಜೋಲು ಎರಡೂ ಮೈಯ ಬಿಸಿ ಹೊರಗೆ ಬಿಡುವ ಜಾಗ. ಅಲ್ಲೇ ಮೇಲಿಂದ ಬಿಸಿ ಬಿದ್ದರೆ ಅದು ಎಲ್ಲಿಗೆ ಬಿಡಬೇಕು? ಹಾಗಾಗಿ ಶೆಡ್‌ನ ಗಾಳಿಗೆ ದುಡ್ಡು ಸುರಿಯುವುದು ಬಿಟ್ಟು ತಗಡಿನ ಹಿಂದೆ ಬಿದ್ದೆ.

ಚಪ್ಪರ ಹಾಕಿದ್ದು ತಗಡಿನಿಂದ ಒಂದೂವರೆ ಅಡಿ ಮೇಲೆ. ಜಿ.ಐ. ತಂತಿ, ಹಳೇ ಬೋರ್ ಪೈಪಿನ ಕಂಬ. ಎಲ್ಲಾ ಸೇರಿ ಹದಿನೆಂಟು-ಇಪ್ಪತ್ತು ಸಾವಿರ ಆಗಿರಬೇಕು. ಈ ಸಂದು ಬಿಡದೆ ಬಳ್ಳಿಯನ್ನು ತಗಡಿನ ಮೇಲೇ ಹರಿಯಬಿಟ್ಟರೆ ಎಲೆ ಬೆಂದು ಹೋಗುತ್ತದೆ, ಮಧ್ಯೆ ಗಾಳಿಯೂ ಆಡುವುದಿಲ್ಲ. ಕೆಲಸದಾಕೆ ಮೊದಲ ದಿನವೇ, "ಅಣ್ಣಾರ, ಬಳ್ಳಿ ಬಂತಂದ್ರ ಇಲಿ ಬರ್ತಾವ, ಇಲಿ ಬಂದ್ರ ಹಾವು ಬರ್ತಾವ್ರಿ" ಅಂದಳು. ಮಾತು ನಿಜವೇ. ಕಂಬದ ಬುಡಕ್ಕೆ ನಾನು ಏನು ಬಳಿಯುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಇಲಿ ಹತ್ತಿಲ್ಲ, ಅಷ್ಟು ಸಾಕು.

ಮಾರ್ಚ್ ಕೊನೆಗೆ ಚಪ್ಪರ ತುಂಬಬೇಕು ಅಂದರೆ ಬೀಜ ಚಳಿಗಾಲದಲ್ಲೇ ಏಳಬೇಕು. ಇಲ್ಲಿಯ ಡಿಸೆಂಬರ್ ಚಳಿಗೆ ಸೋರೆ ಬೀಜ ಮೊಳೆಯುವುದಿಲ್ಲ, ಮಣ್ಣಲ್ಲೇ ಕೊಳೆಯುತ್ತದೆ. ನಾನು ಚೀಲದಲ್ಲಿ ಬಿತ್ತಿ ಮರಿಗಳಿಗೆ ಕಾವು ಕೊಡುವ ಬ್ರೂಡರ್ ಮಗ್ಗುಲಲ್ಲಿ ಇಟ್ಟೆ. ಬಲ್ಬಿನ ಕಾವಿಗೆ ವಾರದೊಳಗೆ ಎದ್ದವು. ಗೊಬ್ಬರ ನಮ್ಮದೇ, ಆದರೆ ಹಳೆಯದು. ಹಸಿ ಹಿಕ್ಕೆ ಹಾಕಿದರೆ ಬೇರು ಸುಡುತ್ತದೆ. ಹಳೆಯದರಲ್ಲೂ ಸಾರಜನಕ ಜಾಸ್ತಿ, ಹಾಗಾಗಿ ಬರೀ ಎಲೆ ಬರುತ್ತದೆ, ಕಾಯಿ ಕಮ್ಮಿ. ಬರಲಿ ಬಿಡಿ, ನಮಗೆ ಬೇಕಾದ್ದು ಎಲೆಯೇ ಅಲ್ವಾ? ಕೆಂಪು ದುಂಬಿಗೆ ಔಷಧಿ ಹೊಡೆಯುವ ಹಾಗಿಲ್ಲ, ಕೆಳಗೆ ಕೋಳಿ. ಬೆಳಗಿನ ಇಬ್ಬನಿಯಲ್ಲಿ ಒಲೆ ಬೂದಿ ಎರಚುತ್ತೇವೆ.

ಈಗ ಮುಖ್ಯ ವಿಷಯ. ಬಿದ್ದ ಬಿಸಿಲಿನಲ್ಲಿ ಎಲೆ ತನ್ನ ಆಹಾರಕ್ಕೆ ಹಿಡಿದಿಡುವುದು ನೂರಕ್ಕೆ ಒಂದೆರಡು ಪಾಲು, ಅಷ್ಟೇ. ಮಿಕ್ಕದ್ದರಲ್ಲಿ ದೊಡ್ಡ ಪಾಲನ್ನು ನೀರು ಆವಿ ಮಾಡಿ ಕಳೆಯುತ್ತದೆ. ಅದಕ್ಕೇ ತಗಡು 60 ಇದ್ದಾಗಲೂ ಎಲೆ ಹೊರಗಿನ ಗಾಳಿಯ ಹತ್ತಿರಹತ್ತಿರವೇ ಇರುತ್ತದೆ. ಆದರೆ ಬೇರಿಗೆ ನೀರು ಸಾಲದಿದ್ದರೆ ಮಧ್ಯಾಹ್ನ ಎಲೆಯ ಸಣ್ಣ ಬಾಯಿಗಳು ಮುಚ್ಚುತ್ತವೆ. ಇಂಗಾಲದ ಡೈಆಕ್ಸೈಡ್ ಒಳಗೆ ಹೋಗುವುದೂ ನಿಂತಿತು, ಆವಿ ಹೊರಗೆ ಬರುವುದೂ ನಿಂತಿತು. ಎಲೆ ಜೋತು ಬೀಳುತ್ತದೆ, ಸಂದಿನಲ್ಲಿ ಬಿಸಿಲು ಇಳಿದು ತಗಡಿನ ಮೇಲೆ ಚುಕ್ಕೆ ಮೂಡುತ್ತದೆ. ನನಗೆ ಥರ್ಮಾಮೀಟರಿಗಿಂತ ಆ ಚುಕ್ಕೆ ಮೇಲೆ ನಂಬಿಕೆ. ಚುಕ್ಕೆ ಕಂಡರೆ ನೀರು ಕಮ್ಮಿಯಾಗಿದೆ ಅಂತಲೇ ಲೆಕ್ಕ. ಬೆಳಿಗ್ಗೆ ಆರಕ್ಕೆ ಮೊದಲು ಬಳ್ಳಿಯ ಬುಡಕ್ಕೆ ಡ್ರಿಪ್, ಕೋಳಿಯ ಕೆಲಸ ಆಮೇಲೆ. ಎಲೆ ಮೂರು ಪದರಕ್ಕಿಂತ ದಟ್ಟ ಆಗಲೂ ಬಿಡುವುದಿಲ್ಲ. ಕೆಳಗಿನ ಎಲೆಗೆ ಬೆಳಕಿಲ್ಲ, ದುಡಿಯುವುದಕ್ಕಿಂತ ತಿನ್ನುವುದೇ ಜಾಸ್ತಿ. ಹಳದಿಯಾಗಿ ಉದುರಿ ತಗಡಿನ ಮೇಲೆ ಕೊಳೆಯುತ್ತದೆ. ಚಿವುಟಿ ಹಾಕಿ.

ಹೋದ ವರ್ಷ ಬಳ್ಳಿಯ ಕೆಳಗೆ ಕರಿ ಟೇಪ್ 40–41 ತೋರಿಸಿತು. ಶೆಡ್‌ನ ಗಾಳಿಯಲ್ಲಿ ವ್ಯತ್ಯಾಸ ನಾಲ್ಕೇ ಡಿಗ್ರಿ. ಇಷ್ಟಕ್ಕೆ ಇಷ್ಟೊಂದು ಕುಣಿತವಾ ಅಂತ ಒಬ್ಬರು ಕೇಳಿದರು. ಕೋಳಿ ನೋಡಿ ಅಂದೆ. ಹಿಂದೆ ಹನ್ನೊಂದಕ್ಕೇ ಏದುಸಿರು ಶುರುವಾಗುತ್ತಿತ್ತು, ಈಗ ಒಂದೂವರೆ-ಎರಡು ಆಗುತ್ತದೆ. ಏದುಸಿರಿಗೂ ದುಡ್ಡಿಗೂ ನೇರ ನಂಟಿದೆ. ಜೋರಾಗಿ ಉಸಿರು ಬಿಟ್ಟರೆ ರಕ್ತದ ಇಂಗಾಲದ ಡೈಆಕ್ಸೈಡ್ ಖಾಲಿಯಾಗುತ್ತದೆ, ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಸಾಲುವುದಿಲ್ಲ, ಮೊಟ್ಟೆ ತೆಳ್ಳಗಾಗುತ್ತದೆ. ಮೊದಲು 30ರ ಟ್ರೇಗೆ ಮೂರು-ನಾಲ್ಕು ಬಿರುಕು. ಅವು ಆಮ್ಲೆಟ್ ಗಾಡಿಯವರಿಗೆ ಅರ್ಧ ಬೆಲೆಗೆ ಹೋಗುತ್ತಿದ್ದವು. ಈಗ ಒಂದು, ಕೆಲವು ಟ್ರೇಗೆ ಅದೂ ಇಲ್ಲ. ಮೇ ತಿಂಗಳ ಇಳುವರಿ ಮೊದಲೆಲ್ಲ ನೂರು ಕೋಳಿಗೆ ದಿನಕ್ಕೆ 70 ಮೊಟ್ಟೆಗೆ ಬೀಳುತ್ತಿತ್ತು, ಹೋದ ಸಲ 80ರ ಆಸುಪಾಸು ನಿಂತಿತು. ಚಪ್ಪರದ ದುಡ್ಡು ಒಂದೇ ಬೇಸಿಗೆಯಲ್ಲಿ ವಾಪಸ್.

ಬಳ್ಳಿ ಒಂದೇ ಎಲ್ಲಾ ಮಾಡಿತು ಅನ್ನುವುದಿಲ್ಲ. ಹನ್ನೊಂದರಿಂದ ನಾಲ್ಕರವರೆಗೆ ಮೇವು ಇಲ್ಲ, ಅರಗಿಸುವ ಕಾವೂ ಮೈಗೇ ಸೇರುತ್ತದೆ. ಅದರ ಬದಲು ನಸುಕಿನಲ್ಲಿ ಲೈಟ್ ಹಾಕಿ ತಿನ್ನಿಸುತ್ತೇವೆ. ಚಿಪ್ಪು ಕಟ್ಟುವುದು ರಾತ್ರಿ, ಹಾಗಾಗಿ ದಪ್ಪ ಸುಣ್ಣಕಲ್ಲಿನ ಹರಳು ಸಂಜೆಗೆ. ನೀರಿನ ಕರಿ ಟ್ಯಾಂಕನ್ನು ಚಪ್ಪರದ ಕೆಳಗೆ ತಂದು ಗೋಣಿ ಸುತ್ತಿದ್ದೇವೆ. ಬಿಸಿ ನೀರನ್ನು ಕೋಳಿ ಮುಟ್ಟುವುದಿಲ್ಲ. ಮಧ್ಯಾಹ್ನ ನೀರಿಗೆ ಅಡಿಗೆ ಸೋಡಾ ಎಲ್ಲರೂ ಹಾಕುತ್ತಾರೆ. ನಾನು ಅದರ ಜೊತೆ ಇನ್ನೊಂದು ಹಾಕುತ್ತೇನೆ, ಆ ಮಾತು ಇಲ್ಲಿ ಬೇಡ.

ಚಪ್ಪರದ ಅಂಚಿನ ನೆರಳಲ್ಲಿ, ಕೋಳಿ ಮೇವಿಗೆ ಅಂತ, ನೀರಿನ ಮೇಲೆ ತೇಲುವ ಸಣ್ಣ ಸಸ್ಯ ಅಜೋಲಾ ಬೆಳೆದು ನೋಡಿದೆ. ಬಯಲಲ್ಲಿ ಇಟ್ಟ ತೊಟ್ಟಿಯದು ಬಿಸಿಲಿಗೆ ಕೆಂಪಾಗಿ ಕುಗ್ಗಿತು, ನೆರಳಿನದು ಹಸಿರಾಗಿ ಉಕ್ಕಿತು. ಸ್ವಲ್ಪ ಸೂಪರ್ ಫಾಸ್ಫೇಟ್ ಬೇಕೇ ಬೇಕು. ಮೇವಿನ ಖರ್ಚು ಅರ್ಧ ಆಗುತ್ತದೆ ಅನ್ನುವ ಮಾತು ನಂಬಬೇಡಿ. ಒಂದು ಕಿಲೋ ಹಸಿ ಅಜೋಲಾದಲ್ಲಿ ನೀರೇ 930 ಗ್ರಾಂ ಮೇಲೆ, ಪ್ರೋಟೀನ್ ಹದಿನೈದು ಗ್ರಾಂ ಸಿಕ್ಕರೆ ಪುಣ್ಯ. ಆದರೆ ಹಳದಿ ಭಾಗಕ್ಕೆ ಒಳ್ಳೆ ಬಣ್ಣ ಬರುತ್ತದೆ. ಪುಣೆಯ ಹಡಪ್ಸರ್‌ನ ವಸತಿ ಸೊಸೈಟಿಗಳಲ್ಲಿ ಅದಕ್ಕೆ ಮೊಟ್ಟೆಗೆ ಒಂದು ರೂಪಾಯಿ ಜಾಸ್ತಿ ಕೊಡುತ್ತಾರೆ.

ಬೋಳು ಕುತ್ತಿಗೆಯ ನಾಟಿ ಕೋಳಿ ಒಂದಿಷ್ಟು ತಂದು ಬಿಟ್ಟಿದ್ದೇನೆ. ಕುತ್ತಿಗೆಗೆ ಪುಕ್ಕವಿಲ್ಲದ್ದಕ್ಕೆ ಬಿಸಿಲು ತಡೆಯುತ್ತವೆ, ಬಳ್ಳಿಯ ಹಂಗೂ ಬೇಕಿಲ್ಲ. ಮೊಟ್ಟೆ ಮಾತ್ರ ಲೇಯರ್ ಮುಂದೆ ಏನೂ ಅಲ್ಲ. ಪಡುವಣ ಬದಿಗೆ ಬಸಳೆ ಚಪ್ಪರ ಹಾಕಿದ್ದು ಸಂಜೆ ಬಿಸಿಲಿಗೆ ತಡೆಯಾಗಲಿ ಅಂತ. ನೀರು ಕುಡಿದದ್ದು ಸೋರೆಗಿಂತ ಜಾಸ್ತಿ. ಆದರೆ ಪುಣೆಯ ಮಂಗಳೂರು ಕಡೆಯ ಹೋಟೆಲಿನವರು ಬಸಳೆ ಅಂದರೆ ಕೈಯಲ್ಲಿ ಕಾಸು ಹಿಡಿದೇ ಬರುತ್ತಾರೆ. ಹಾಗಾಗಿ ಅದು ಉಳಿದಿದೆ.

ಜೂನ್ ಮೊದಲ ಮಳೆಗೆ ಮುಂಚೆ ಸೋರೆಬಳ್ಳಿಯನ್ನು ಪೂರ್ತಿ ಕಡಿಯಬೇಕು. ಒದ್ದೆಯಾದರೆ ಭಾರ, ಗಾಳಿಗೆ ತಂತಿ ಸಮೇತ ತಗಡಿನ ಮೇಲೆ ಕೂರುತ್ತದೆ. ನಮ್ಮ ಬಳ್ಳಿಯನ್ನು ಪಕ್ಕದ ಧನಗರರ (ಇಲ್ಲಿಯ ಕುರುಬರು) ಮೇಕೆಗಳು ತಿನ್ನುತ್ತವೆ. ಕಂಬ, ತಂತಿ ಹಾಗೇ ಇರುತ್ತವೆ. ತಗಡು ತೊಳೆದು ಮಳೆಗೆ ಬಿಟ್ಟರೆ ಆಯಿತು, ಮತ್ತೆ ಸುಣ್ಣ ಫೆಬ್ರವರಿಗೆ.