ಸುರಕ್ಷತಾ ತರಬೇತಿ ಲ್ಯಾಬ್ ಅಟೆಂಡರ್‌ಗಳಿಂದಲೇ ಶುರುವಾಗಲಿ

ಬಿಎಸ್ಸಿ ಕೆಮಿಸ್ಟ್ರಿ ಪ್ರಾಕ್ಟಿಕಲ್ ಮುಗಿದ ಮೇಲೆ ಲ್ಯಾಬ್‌ನಲ್ಲಿ ಕೊನೆಗೆ ಉಳಿಯುವವರು ಅಟೆಂಡರ್. ವಿದ್ಯಾರ್ಥಿಗಳು ಬಸ್ಸಿಗೆ ಓಡಿರುತ್ತಾರೆ, ಮೇಷ್ಟ್ರು ಸ್ಟಾಫ್ ರೂಮಿಗೆ ಹೋಗಿರುತ್ತಾರೆ. ಟೇಬಲ್ ಒರೆಸಿ, ಗಾಜಿನ ಸಾಮಾನು ತೊಳೆದು, ಸಿಂಕ್‌ನಲ್ಲಿ ಉಳಿದದ್ದನ್ನು ಬಳಿದು ಬೀಗ ಹಾಕುವುದು ಇವರ ಕೆಲಸ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ವಿಭಾಗದಲ್ಲಿ ಒಂದು ಸಂಜೆ ಹೀಗಾಯಿತು. ಅವತ್ತು ಸೋಡಿಯಂ ಬಳಸುವ ಪ್ರಾಕ್ಟಿಕಲ್ ಇತ್ತು. ಯಾರೋ ವಿದ್ಯಾರ್ಥಿ ಉಳಿದ ಸೋಡಿಯಂ ಚೂರನ್ನು ಫಿಲ್ಟರ್ ಪೇಪರ್ ಸಮೇತ ಸಿಂಕಿಗೆ ಹಾಕಿ ಹೋಗಿದ್ದರು. ಅಟೆಂಡರ್ ನಲ್ಲಿ ತಿರುಗಿಸಿದರು. ನೀರು ತಾಗಿದ ಸೋಡಿಯಂ ಪಟ್ ಅಂತ ಸಿಡಿದು ಮುಖದ ಮುಂದೆಯೇ ಹತ್ತಿಕೊಂಡಿತು. ಹುಬ್ಬು ಸುಟ್ಟುಹೋಯಿತು. ಪುಣ್ಯಕ್ಕೆ ಕಣ್ಣು ಉಳಿಯಿತು. ಅದೇ ವರ್ಷ ಆ ವಿಭಾಗದಲ್ಲಿ ಸುರಕ್ಷತಾ ತರಬೇತಿ ನಡೆದಿತ್ತು. ಮೇಷ್ಟ್ರುಗಳೆಲ್ಲ ಕೂತು ಕೇಳಿದ್ದರು. ಅಟೆಂಡರ್‌ಗಳು ಅವತ್ತು ಟೀ ಹಂಚುತ್ತಿದ್ದರು.

ನಿಮ್ಮ ವಿಶ್ವವಿದ್ಯಾಲಯದಲ್ಲೋ ಕಾಲೇಜಿನಲ್ಲೋ ತರಬೇತಿ ನಡೆಸುವ ಜವಾಬ್ದಾರಿ ನಿಮ್ಮ ಮೇಲೆ ಬಿದ್ದಿದ್ದರೆ ಹೀಗೆ ಮಾಡಿ.

ಮೊದಲು ಒಂದು ಸುತ್ತು ನಡೆಯಿರಿ

ಸಭಾಂಗಣ ಬುಕ್ ಮಾಡುವ ಮೊದಲು ಕಟ್ಟಡ ಸುತ್ತಿ. ಬೆಳಿಗ್ಗೆ ಕಸ ಗುಡಿಸುವ ಹೊತ್ತಿಗೆ ಒಮ್ಮೆ, ಸಂಜೆ ಬೀಗ ಹಾಕುವ ಹೊತ್ತಿಗೆ ಒಮ್ಮೆ. ಯಾರು ಏನನ್ನು ಮುಟ್ಟುತ್ತಾರೆ ಅಂತ ಬರೆದುಕೊಳ್ಳಿ. ಅಟೆಂಡರ್, ಸ್ಟೋರ್ ಕೀಪರ್, ಎಲೆಕ್ಟ್ರಿಷಿಯನ್, ವಾಚ್‌ಮನ್, ಹಾಸ್ಟೆಲ್ ಅಡುಗೆಯವರು, ಶೌಚಾಲಯ ತೊಳೆಯುವವರು ಎಲ್ಲರೂ ಈ ಪಟ್ಟಿಯಲ್ಲಿರಲಿ. ಹೊರಗುತ್ತಿಗೆ ನೌಕರರನ್ನು ಬಿಡಬೇಡಿ. ಅವರ ಹೆಸರು ನಿಮ್ಮ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ, ಆದರೆ ಅಪಾಯದ ಕೆಲಸ ಜಾಸ್ತಿ ಬೀಳುವುದು ಅವರ ಪಾಲಿಗೇ.

ಆಮೇಲೆ ಹನ್ನೆರಡು, ಹದಿನೈದು ಜನರ ಗುಂಪು ಮಾಡಿ. ತರಬೇತಿ ಡ್ಯೂಟಿ ಸಮಯದಲ್ಲೇ ಇರಲಿ, ಕನ್ನಡದಲ್ಲೇ ಇರಲಿ, ಅವರು ಕೆಲಸ ಮಾಡುವ ಜಾಗದಲ್ಲೇ ಇರಲಿ. ಆ ದಿನ ಟೀ ತರುವುದಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ಬಾಟಲಿ ಓದುವುದನ್ನು ಕಲಿಸಿ

ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ರಾಸಾಯನಿಕಗಳ ಬಾಟಲಿಯ ಮೇಲೆ ಕೆಂಪು ಅಂಚಿನ ವಜ್ರಾಕಾರದ ಚೌಕದಲ್ಲಿ ಚಿತ್ರಗಳಿರುತ್ತವೆ. ಇಂಗ್ಲಿಷ್ ಬಾರದವರಿಗೂ ತಿಳಿಯಲಿ ಅಂತಲೇ ಮಾಡಿದ ಚಿತ್ರಗಳವು. ಒಟ್ಟು 9 ಇವೆ. ಜ್ವಾಲೆ ಇದ್ದರೆ ಬೇಗ ಹತ್ತಿಕೊಳ್ಳುತ್ತದೆ. ತಲೆಬುರುಡೆ ಇದ್ದರೆ ಕಡುವಿಷ. ಕೈ ಮೇಲೆ ದ್ರವ ಬಿದ್ದು ಸುಡುವ ಚಿತ್ರ ಇದ್ದರೆ ಚರ್ಮ, ಕಣ್ಣು ಎರಡನ್ನೂ ಸುಡುತ್ತದೆ. ಗೋಡೆಯ ಮೇಲೆ ಚಿತ್ರ ತೋರಿಸಿ ಹೇಳಿದರೆ ನೆನಪಿರುವುದಿಲ್ಲ. ಸ್ಟೋರ್‌ನಿಂದ ಖಾಲಿ ಬಾಟಲಿಗಳನ್ನು ತೊಳೆದು ತಂದು ಒಬ್ಬೊಬ್ಬರ ಕೈಗೆ ಒಂದೊಂದು ಕೊಡಿ. "ಇದು ಒಡೆದರೆ ನೀವು ಏನು ಮಾಡ್ತೀರಿ?" ಅಂತ ಕೇಳಿ. ಅವರ ಉತ್ತರದಿಂದ ನಿಮಗೂ ತುಂಬ ತಿಳಿಯುತ್ತದೆ.

ಪ್ರತಿ ರಾಸಾಯನಿಕಕ್ಕೂ 16 ವಿಭಾಗಗಳ ಒಂದು ಸುರಕ್ಷತಾ ಹಾಳೆ ಬರುತ್ತದೆ. ಎಲ್ಲವನ್ನೂ ಓದಿಸಬೇಕಿಲ್ಲ. ಎರಡನೆಯದು ಅಪಾಯ ಏನು ಅಂತ ಹೇಳುತ್ತದೆ, ನಾಲ್ಕನೆಯದು ಪ್ರಥಮ ಚಿಕಿತ್ಸೆ, ಆರನೆಯದು ಚೆಲ್ಲಿದರೆ ಏನು ಮಾಡಬೇಕು ಅಂತ. ನಿಮ್ಮ ಲ್ಯಾಬ್‌ನಲ್ಲಿ ಜಾಸ್ತಿ ಬಳಸುವ ಹತ್ತು ರಾಸಾಯನಿಕಗಳಿಗೆ ಈ ಮೂರನ್ನು ಕನ್ನಡದಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿ.

ಕುಡಿಯುವ ನೀರಿನ ಬಾಟಲಿಗೆ ರಾಸಾಯನಿಕ ತುಂಬಿಡುವ ಚಾಳಿ ಎಷ್ಟೋ ಕಡೆ ಇದೆ. ಇದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ. ಕಂಡ ಬಾಟಲಿಯನ್ನು ಆ ಕ್ಷಣವೇ ಲ್ಯಾಬ್ ಇನ್‌ಚಾರ್ಜ್ ಕೈಗೆ ಒಪ್ಪಿಸುವ ಅಧಿಕಾರ ಅಟೆಂಡರ್‌ಗೂ ಇದೆ ಅಂತ ವಿಭಾಗದ ಮುಖ್ಯಸ್ಥರೇ ಎಲ್ಲರೆದುರು ಹೇಳಬೇಕು.

ಶೌಚಾಲಯ ತೊಳೆಯುವವರಿಗೆ ಪ್ರತ್ಯೇಕವಾಗಿ ಕೂರಿಸಿ ಹೇಳಬೇಕಾದದ್ದು ಒಂದಿದೆ. ಟಾಯ್ಲೆಟ್ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಒಟ್ಟಿಗೆ ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಣ್ಣು ಉರಿದು, ಗಂಟಲು ಕಟ್ಟಿ, ಉಸಿರು ಸಿಗುವುದಿಲ್ಲ. ಕಿಟಕಿ ಇಲ್ಲದ ಸಣ್ಣ ಶೌಚಾಲಯದಲ್ಲಿ ಜೀವಕ್ಕೇ ಕುತ್ತು. ಕಲೆ ಬೇಗ ಹೋಗಲಿ ಅಂತ ಒಳ್ಳೆಯ ಮನಸ್ಸಿನಿಂದಲೇ ಎರಡನ್ನೂ ಸುರಿಯುತ್ತಾರೆ. ಯಾಕೆ ಬೇಡ ಅಂತ ಯಾರೂ ಅವರಿಗೆ ಹೇಳಿರುವುದಿಲ್ಲ. ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿಡಿಸಿ.

ಆಸಿಡ್ ಬಿದ್ದರೆ: ನೀರು, 15 ನಿಮಿಷ

ಕಣ್ಣಿಗೆ ಏನೇ ಸಿಡಿದರೂ ರೆಪ್ಪೆ ಬಿಡಿಸಿ ಹಿಡಿದು, ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಬೇಕು. ಆಮೇಲೆ ಆಸ್ಪತ್ರೆ. ಹದಿನೈದು ನಿಮಿಷ ಎಷ್ಟು ದೀರ್ಘ ಅಂತ ಗೊತ್ತಾಗಬೇಕಾದರೆ ತರಬೇತಿಯಲ್ಲಿ ಗಡಿಯಾರ ಇಟ್ಟು ನಲ್ಲಿ ಬಿಟ್ಟು ತೋರಿಸಿ. ಎರಡು ನಿಮಿಷಕ್ಕೇ "ಸಾಕು" ಅನ್ನುತ್ತಾರೆ. ತೊಳೆಯುವಾಗ ಪಕ್ಕದಲ್ಲಿ ಇನ್ನೊಬ್ಬರು ನಿಂತು ಧೈರ್ಯ ಹೇಳಬೇಕು. ಸೋಡಾ ಪುಡಿ ಹಾಕಿ ಆಸಿಡ್ ಕಡಿಮೆ ಮಾಡುತ್ತೇನೆ ಅನ್ನುವ ಪ್ರಯೋಗ ಮೈಮೇಲೆ ಬೇಡ.

ಮೈಗೆ ಬಿದ್ದರೆ ನೀರಿನ ಕೆಳಗೆ ನಿಂತು ಬಟ್ಟೆ ತೆಗೆಯಲೇಬೇಕು. ನಮ್ಮ ಹೆಣ್ಣುಮಕ್ಕಳು ಇಲ್ಲಿ ಹಿಂಜರಿಯುತ್ತಾರೆ. ಗಂಡಸರ ಎದುರು ಸೀರೆ ಬಿಚ್ಚುವುದು ಹೇಗೆ ಅಂತ ಸಂಕೋಚಪಟ್ಟ ಆ ಒಂದು ನಿಮಿಷದಲ್ಲಿ ಚರ್ಮ ಬೆಂದಿರುತ್ತದೆ. ಅದಕ್ಕೇ ಸೇಫ್ಟಿ ಶವರ್ ಸುತ್ತ ಒಂದು ಪರದೆ ಹಾಕಿಸಿ. ಪಕ್ಕದ ಕಪಾಟಿನಲ್ಲಿ ಎರಡು ದೊಡ್ಡ ಬೆಡ್‌ಶೀಟ್, ಒಂದೆರಡು ನೈಟಿ ಇಡಿ. ಇವೆಲ್ಲ ಇಲ್ಲಿವೆ ಅಂತ ಮೊದಲೇ ತೋರಿಸಿದ್ದರೆ ಯಾರೂ ತಡಮಾಡುವುದಿಲ್ಲ.

2008ರ ಡಿಸೆಂಬರ್ 29ರಂದು ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ 23 ವರ್ಷದ ಸಂಶೋಧನಾ ಸಹಾಯಕಿಯೊಬ್ಬರು ಸಿರಿಂಜ್‌ನಿಂದ ಒಂದು ದ್ರವ ಎಳೆಯುತ್ತಿದ್ದರು. ಗಾಳಿ ತಾಗಿದರೇ ಹತ್ತಿಕೊಳ್ಳುವ ದ್ರವ ಅದು. ಸಿರಿಂಜ್ ಕಳಚಿತು. ಮೈಮೇಲೆ ಆಪ್ರನ್ ಇರಲಿಲ್ಲ, ಸ್ವೆಟರ್‌ಗೆ ಬೆಂಕಿ ಹಿಡಿಯಿತು. ಹತ್ತಿರದಲ್ಲೇ ಶವರ್ ಇದ್ದರೂ ಆ ಗಾಬರಿಯಲ್ಲಿ ಅಲ್ಲಿಗೆ ಹೋಗಲಿಲ್ಲ. 18 ದಿನಗಳ ನಂತರ ತೀರಿಕೊಂಡರು. ಶವರ್ ಇದ್ದರೆ ಸಾಲದು. ಕಣ್ಣುಮುಚ್ಚಿಕೊಂಡು ಅಲ್ಲಿಗೆ ಹೋಗುವುದು ಕಾಲಿಗೇ ರೂಢಿಯಾಗಿರಬೇಕು. ಒಬ್ಬೊಬ್ಬರನ್ನೂ ಅವರವರ ಟೇಬಲ್‌ನಿಂದ ಶವರ್‌ವರೆಗೆ ನಡೆಸಿ.

ಆಪ್ರನ್ ಹತ್ತಿಯದೇ ಇರಲಿ. ದುಪಟ್ಟಾ, ಸೆರಗು ಆಪ್ರನ್ ಒಳಗೆ. ಜಡೆ ಕಟ್ಟಿರಲಿ. ಹವಾಯಿ ಚಪ್ಪಲಿಯಲ್ಲಿ ಲ್ಯಾಬ್ ಒಳಗೆ ಬರಬೇಡಿ ಅನ್ನುವ ಮೊದಲು ಅವರಿಗೆ ಶೂ ಕೊಡಿಸಿ.

ಬೆಂಕಿ ಆರಿಸುವುದನ್ನು ಕೈಯಿಂದಲೇ ಮಾಡಿಸಿ

ಗೋಡೆಯ ಮೇಲಿನ ಕೆಂಪು ಸಿಲಿಂಡರ್ ಅನ್ನು ವರ್ಷಗಟ್ಟಲೆ ನೋಡುತ್ತಾ ಓಡಾಡಿದವರಲ್ಲೂ ಎತ್ತಿ ನೋಡಿದವರು ಕಡಿಮೆ. ಅಗ್ನಿಶಾಮಕ ಇಲಾಖೆಗೆ ಪತ್ರ ಬರೆದರೆ ಬಂದು ಪ್ರಾತ್ಯಕ್ಷಿಕೆ ಕೊಡುತ್ತಾರೆ. ಮೈದಾನದಲ್ಲಿ ತಟ್ಟೆಯಲ್ಲಿ ಬೆಂಕಿ ಹಚ್ಚಿ, ಅವರ ಎದುರೇ ಪ್ರತಿಯೊಬ್ಬರೂ ತಮ್ಮ ಕೈಯಾರೆ ಆರಿಸಿ ನೋಡಲಿ.

ಕ್ರಮ ಹೀಗಿದೆ. ಪಿನ್ ಕಿತ್ತುಹಾಕಿ. ಪೈಪನ್ನು ಬೆಂಕಿಯ ಬುಡಕ್ಕೆ ಗುರಿ ಇಡಿ, ಜ್ವಾಲೆಯ ತುದಿಗೆ ಬೇಡ. ಹಿಡಿ ಅದುಮಿ. ಕಸ ಗುಡಿಸಿದ ಹಾಗೆ ಆಚೆ ಈಚೆ ಆಡಿಸಿ. ಬಾಗಿಲು ಯಾವಾಗಲೂ ನಿಮ್ಮ ಬೆನ್ನಿಗಿರಲಿ. ಸಣ್ಣ ಸಿಲಿಂಡರ್ ಹತ್ತಿಪ್ಪತ್ತು ಸೆಕೆಂಡಿಗೆ ಖಾಲಿ. ಅಷ್ಟರಲ್ಲಿ ಆರದಿದ್ದರೆ ಹೊರಗೆ ಓಡಿ, ಬಾಗಿಲು ಎಳೆದುಕೊಳ್ಳಿ.

ವಿದ್ಯುತ್ ಬೆಂಕಿಗೆ ನೀರು ಹಾಕಬಾರದು. ಮೊದಲು ಮೇನ್ ಆಫ್ ಮಾಡಿ. ಆಮೇಲೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಳಸಿ. ಅದರ ತುತ್ತೂರಿಯಂಥ ಬಾಯಿ ವಿಪರೀತ ತಣ್ಣಗಾಗುತ್ತದೆ, ಅದನ್ನು ಬರಿಗೈಯಲ್ಲಿ ಹಿಡಿಯಬೇಡಿ. ಸೋಡಿಯಂ ಬೆಂಕಿಗೆ ಇದೂ ಆಗದು, ನೀರೂ ಆಗದು, ಒಣ ಮರಳೇ ಬೇಕು. ಮರಳಿನ ಬಕೆಟ್ ಒಮ್ಮೆ ಇಣುಕಿ ನೋಡಿ. ಎಷ್ಟೋ ಕಡೆ ಅದರಲ್ಲಿ ಎಲೆ ಅಡಿಕೆಯ ಕಲೆ, ಟೀ ಕಪ್ಪು ಸಿಗುತ್ತವೆ. ಖಾಲಿ ಮಾಡಿಸಿ ಹೊಸ ಮರಳು ತುಂಬಿಸಿ.

ಸಿಲಿಂಡರ್, ದ್ರವ ಸಾರಜನಕ

2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶಾಕ್‌ವೇವ್ ಲ್ಯಾಬ್‌ನಲ್ಲಿ ಸ್ಫೋಟವಾಗಿ ಒಬ್ಬ ಸಂಶೋಧಕರು ತೀರಿಕೊಂಡರು, ಮೂವರು ಗಾಯಗೊಂಡರು. ಒತ್ತಡದಲ್ಲಿರುವ ಅನಿಲ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಅದರ ಭಯವೂ ಇರುವುದಿಲ್ಲ. ಸಿಲಿಂಡರನ್ನು ಗೋಡೆಗೆ ಸರಪಳಿಯಿಂದ ಬಿಗಿಯಿರಿ. ಸಾಗಿಸುವಾಗ ಕ್ಯಾಪ್ ಹಾಕಿ, ಟ್ರಾಲಿಯಲ್ಲೇ ಒಯ್ಯಿರಿ. ನೆಲದ ಮೇಲೆ ಉರುಳಿಸುವುದು ಬೇಡ.

ದ್ರವ ಸಾರಜನಕದ ಡಬ್ಬ ಒಯ್ಯುವವರಿಗೆ ಒಂದು ಲೆಕ್ಕ ಹೇಳಿ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಮುಚ್ಚಿದ ಜಾಗದಲ್ಲಿ ಅದು ಆಮ್ಲಜನಕವನ್ನು ಹೊರಗೆ ತಳ್ಳುತ್ತದೆ. ವಾಸನೆ ಇಲ್ಲ, ಉಸಿರುಗಟ್ಟುವುದೂ ಗೊತ್ತಾಗುವುದಿಲ್ಲ, ಸುಮ್ನೆ ಕುಸಿದು ಬೀಳುತ್ತಾರೆ. ಹಾಗಾಗಿ ಲಿಫ್ಟ್‌ನಲ್ಲಿ ಡಬ್ಬ ಒಂದೇ ಹೋಗಬೇಕು. ಒಬ್ಬರು ಕೆಳಗೆ ಬಟನ್ ಒತ್ತಿ ಕಳಿಸಲಿ, ಇನ್ನೊಬ್ಬರು ಮೇಲೆ ಇಳಿಸಿಕೊಳ್ಳಲಿ.

ಮ್ಯಾನ್‌ಹೋಲ್ ವಿಷಯಕ್ಕೆ ಚರ್ಚೆಯೇ ಇಲ್ಲ. ಒಳಚರಂಡಿ ಗುಂಡಿಗೆ ಯಾರನ್ನೂ ಇಳಿಸುವಂತಿಲ್ಲ. ಸುರಕ್ಷತಾ ಸಾಧನಗಳಿಲ್ಲದೆ ಇಳಿಸುವುದನ್ನು, ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಅಪರಾಧ ಅನ್ನುತ್ತದೆ. ಯಂತ್ರ ಕರೆಸಿ.

ಏಣಿ, ಭಾರ ಎತ್ತುವುದು, ಕಂಪ್ಯೂಟರ್ ಮುಂದೆ ಕೂರುವ ಭಂಗಿ ಇವಕ್ಕೆಲ್ಲ ಒಟ್ಟು ಅರ್ಧ ಗಂಟೆ ಸಾಕು.

ಹಳೇ ಸಾಮಾನು ಹರಾಜಿಗೆ ಹಾಕುವ ಮೊದಲು

ಇದನ್ನು ಸ್ಟೋರ್ ಮತ್ತು ಆಫೀಸ್ ಸಿಬ್ಬಂದಿಗೆ ತಪ್ಪದೇ ಹೇಳಿ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ, ವರ್ಷಗಳಿಂದ ಬಳಸದೆ ಬಿದ್ದಿದ್ದ ಒಂದು ಉಪಕರಣವನ್ನು ಹರಾಜು ಹಾಕಿತು. ಒಳಗೆ ವಿಕಿರಣ ಸೂಸುವ ಕೋಬಾಲ್ಟ್-60 ಇತ್ತು. ಮಾಯಾಪುರಿಯ ಗುಜರಿಯವರು ಅದನ್ನು ಬಿಚ್ಚಿದರು. ವಿಕಿರಣ ತಾಗಿ ಒಬ್ಬರು ಸತ್ತರು, ಹಲವರು ಆಸ್ಪತ್ರೆ ಸೇರಿದರು. ಅದು ಏನೆಂದು ಗೊತ್ತಿದ್ದವರು ನಿವೃತ್ತರಾಗಿದ್ದರೆ ಕಡತದಲ್ಲಾದರೂ ಉಳಿದಿರಬೇಕು, ಅಲ್ವಾ? ಏನೆಂದು ತಿಳಿಯದ ಯಾವ ಪೆಟ್ಟಿಗೆಯೂ, ಲೇಬಲ್ ಇಲ್ಲದ ಯಾವ ಬಾಟಲಿಯೂ ವಿಷಯ ಬಲ್ಲ ಅಧ್ಯಾಪಕರ ಸಹಿ ಇಲ್ಲದೆ ಗೇಟು ದಾಟಬಾರದು.

ಫೋನ್ ಮಾಡುವುದನ್ನೂ ಅಭ್ಯಾಸ ಮಾಡಿಸಿ

ತುರ್ತಿಗೆ 112, ಆಂಬುಲೆನ್ಸ್‌ಗೆ 108. ನಂಬರ್ ಎಲ್ಲರಿಗೂ ಗೊತ್ತು. ಆದರೆ ನೂರಾರು ಎಕರೆ ಕ್ಯಾಂಪಸ್‌ನಲ್ಲಿ "ಯೂನಿವರ್ಸಿಟಿಗೆ ಬನ್ನಿ" ಅಂದರೆ ಆಂಬುಲೆನ್ಸ್ ಎಲ್ಲಿಗೆ ಬರಬೇಕು? ಯಾವ ಗೇಟು, ಯಾವ ಬ್ಲಾಕ್, ಎಷ್ಟನೇ ಮಹಡಿ ಅನ್ನುವ ಎರಡು ಸಾಲನ್ನು ಪ್ರತಿ ಲ್ಯಾಬ್‌ನ ಬಾಗಿಲಲ್ಲಿ ದೊಡ್ಡಕ್ಷರದಲ್ಲಿ ಬರೆಸಿ. ಗೇಟಿನಲ್ಲಿ ಕಾಯ್ದು ದಾರಿ ತೋರಿಸುವ ಕೆಲಸ ವಾಚ್‌ಮನ್‌ದು ಅಂತ ಮೊದಲೇ ಹಂಚಿ.

ಪುಸ್ತಕ ಮತ್ತು ಬೀಗದ ಕೈ

ಬಾಗಿಲ ಪಕ್ಕ ಒಂದು ನೋಟ್‌ಬುಕ್ ತೂಗುಹಾಕಿ. ಅನಾಹುತ ಆದದ್ದನ್ನಷ್ಟೇ ಬರೆದರೆ ಸಾಲದು, ಕೂದಲೆಳೆಯಲ್ಲಿ ತಪ್ಪಿದ್ದನ್ನೂ ಬರೆಯಲಿ. ಬರೆದವರನ್ನು ಬೈಯಬೇಡಿ. ಒಮ್ಮೆ ಬೈದರೆ ಆ ಪುಸ್ತಕದಲ್ಲಿ ಮತ್ತೆ ಒಂದಕ್ಷರ ಬೀಳುವುದಿಲ್ಲ. ಬರೆಯಲು ಬಾರದವರು ಹೇಳಲಿ, ಬೇರೆಯವರು ಬರೆದುಕೊಳ್ಳಲಿ.

ಹೊಸಬರು ಕೆಲಸಕ್ಕೆ ಸೇರಿದ ದಿನವೇ ಹಳೆಯ ಅಟೆಂಡರ್ ಜೊತೆ ಒಂದು ಸುತ್ತು ಹೋಗಲಿ. ನಲ್ಲಿ ಎಲ್ಲಿ, ಶವರ್ ಎಲ್ಲಿ, ಮೇನ್ ಸ್ವಿಚ್ ಎಲ್ಲಿ, ಮರಳು ಎಲ್ಲಿ ಅಂತ ಅವರೇ ಮುಟ್ಟಿ ತೋರಿಸಲಿ. ಪ್ರಾಕ್ಟಿಕಲ್ ಮುಗಿದಾಗ ಸೋಡಿಯಂ ಚೂರು ಮುಳುಗಿಸಿಟ್ಟ ಸೀಮೆಎಣ್ಣೆಯ ಬೀಕರ್‌ಗಳನ್ನು ಎಣಿಸಿ ವಾಪಸ್ ತೆಗೆದುಕೊಳ್ಳುವುದನ್ನೂ, ನಲ್ಲಿ ತಿರುಗಿಸುವ ಮೊದಲು ಸಿಂಕ್ ಒಳಗೆ ನೋಡುವುದನ್ನೂ ಅವತ್ತೇ ಕಲಿಯಲಿ. ಇಷ್ಟು ಆದ ಮೇಲೆ ಲ್ಯಾಬ್ ಬೀಗದ ಕೈ ಅವರ ಕೈಗೆ ಕೊಡಿ.